ಚುಕ್ಕೆ ಇಟ್ಟ ಲೋಟ

ಹೊಸೂರಿನ ಚರ್ಮದ ಡಾಕ್ಟರ ಎದುರು ಕೂತಾಗ ನನಗೆ ತಲೆ ಕೆಟ್ಟುಹೋಗಿತ್ತು. ಮೊಣಕೈ ಮೇಲಿನ ಸೋರಿಯಾಸಿಸ್ ಪೂರ್ತಿ ವಾಸಿಯಾಯಿತು ಅಂತ ಗಿಡ್ಡ ತೋಳಿನ ರವಿಕೆ ತೊಟ್ಟು ಶಾಲೆಯಲ್ಲಿ ಪಾಠ ಮಾಡಲು ಶುರು ಮಾಡಿದ್ದೆ. ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಂತು. ಬಂದರೆ ಬರಲಿ, ಬೇರೆ ಕಡೆ ಬರಬಾರದೇ? ಅದೇ ಮೊಣಕೈ, ಅದೇ ಜಾಗ, ಅಂಚು ಕೂಡ ಅದೇ.

ಜೊತೆಗೆ ಕೆಲಮಂಗಲದಿಂದ ಅವ್ವ ಬಂದಿದ್ದಳು, ಅಮೃತಬಳ್ಳಿ ಕಷಾಯದ ಬಾಟಲಿ ಸಮೇತ. "ಇವ್ಳ ಮೈಯಾಗೆ ಶಕ್ತಿ ಇಲ್ಲ ಸಾರ್, ಅದ್ಕೇ ಕಾಯ್ಲೆ ಮೆತ್ಕೊಂಡೈತೆ" ಅಂದಳು.

ಡಾಕ್ಟರು ತಮಿಳು ಕನ್ನಡ ಬೆರೆಸಿ ಬಿಡಿಸಿ ಹೇಳಿದರು. ಶಕ್ತಿ ಕಡಿಮೆಯಾಗಿಲ್ಲ, ದಿಕ್ಕು ತಪ್ಪಿದೆ. ರೋಗಾಣು ಬಂದರೆ ಹೊಡೆಯಬೇಕಾದ ಬಿಳಿ ರಕ್ತಕಣಗಳು, ಅದರಲ್ಲೂ ಟಿ ಕಣ ಅನ್ನುವವು, ಏನೂ ಬರದಿದ್ದರೂ ನನ್ನ ಚರ್ಮವನ್ನೇ ಶತ್ರು ಅಂದುಕೊಂಡು ಉರಿ ಎಬ್ಬಿಸುತ್ತಿವೆ. ಆ ಗಲಾಟೆಗೆ ಚರ್ಮ ಅವಸರವಸರವಾಗಿ ಬೆಳೆದು ಹೊಟ್ಟಿನ ಹಾಗೆ ಉದುರುತ್ತದೆ.

"ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ" ಅಂದಳು ಅವ್ವ.

"ವಾಸಿಯಾದ್ಮೇಲೂ ಕೆಲವು ಕಣ ಅಲ್ಲೇ ಕೂತಿರುತ್ತೆ ಅಮ್ಮಾ. ಅದಕ್ಕೆ ಞಾಬಗಂ ಜಾಸ್ತಿ."

"ಜ್ಞಾಪ್ಕನಾ? ಚರ್ಮಕ್ಕಾ?" ಅವ್ವ ಬಾಯಿ ಬಿಟ್ಟುಕೊಂಡು ಕೂತಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಹಂಗಾದ್ರೆ ಇದು ಅಂಟುಜಾಡ್ಯ ಅಲ್ವಾ ಸಾರ್?"

"ಅಲ್ಲವೇ ಅಲ್ಲ."

ಅವಳನ್ನು ಊರಿಗೆ ಬಿಡಲು ಹೋದೆ. ಸೀದಾ ಅಡುಗೆಮನೆಗೆ ನುಗ್ಗಿದವಳು ಒಂದು ಸ್ಟೀಲ್ ಲೋಟ ಮಗುಚಿ, ತಳದಲ್ಲಿದ್ದ ಕೆಂಪು ನೇಲ್ ಪಾಲಿಶ್ ಚುಕ್ಕೆಯನ್ನು ಚಾಕುವಿನಿಂದ ಕೆರೆಯತೊಡಗಿದಳು. ಯಾವಾಗ ಬಂದರೂ ನನಗೆ ಕಾಫಿ ಸಿಗುತ್ತಿದ್ದದ್ದು ಆ ಸೊಟ್ಟ ಅಂಚಿನ ಲೋಟದಲ್ಲೇ. ಚಿಕ್ಕಂದಿನ ನನ್ನ ಲೋಟ ಅಂತ ಪ್ರೀತಿಗೆ ಎತ್ತಿಟ್ಟಿದ್ದಾಳೆ ಅಂದುಕೊಂಡು ಬೀಗುತ್ತಿದ್ದೆ, ಪೆದ್ದಿ! ನನಗಾಗಿ ಕಷಾಯ ಕಾಸಿ ಬಸ್ಸಿನಲ್ಲಿ ಹೊತ್ತು ತರುತ್ತಿದ್ದ ಕೈಯೇ ಈ ಚುಕ್ಕೆಯನ್ನೂ ಇಟ್ಟಿತ್ತು.

"ನಂಗೇನ್ ಗೊತ್ತಿತ್ತು, ಬುಡವ್ವ" ಅಂದಳು, ತಲೆಯೆತ್ತದೆ. ಕಣ್ಣಲ್ಲಿ ನೀರಿತ್ತು. ನಾನೂ ಬಿಟ್ಟುಬಿಟ್ಟೆ.

ಮುಂದಿನ ಭಾನುವಾರ ಹೋದಾಗ ಅವ್ವ ನನ್ನ ಮೊಣಕೈಗೆ ತಾನೇ ಮುಲಾಮು ಸವರಿದಳು. ಕೈ ತೊಳೆದು ಬಂದು ಕಾಫಿ ಸೋಸಿದಳು. ಎದುರಿಗೇ ತೊಳೆದಿಟ್ಟ ಲೋಟಗಳು ಸಾಲಾಗಿದ್ದವು. ಮಾತಾಡುತ್ತಾ ಮಾತಾಡುತ್ತಾ ಅವಳ ಕೈ ಅವನ್ನೆಲ್ಲ ದಾಟಿ ಗೂಡಿನ ಹಿಂದಕ್ಕೆ ಹೋಯಿತು. ಚುಕ್ಕೆಯಿಲ್ಲದ ಆ ಸೊಟ್ಟ ಲೋಟವನ್ನೇ ತಡಕಿ ತಂದು ನನ್ನ ಮುಂದಿಟ್ಟಿತು.