ಕಾಕಾನ ಜಾಗಕ್ಕಿಟ್ಟ ಮೈಕು

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಕಥೆ ಕಟ್ಟುವ ಮನುಷ್ಯನಲ್ಲ, ಸೌಂಡ್ ಕೆಲಸದವನು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಹಿಡಿದಿಡುವುದು ನನ್ನ ಹೊಟ್ಟೆಪಾಡು. ಈ ಸಂಗತಿಯೂ ನನ್ನ ಕಿವಿಗೇ ಬಿದ್ದದ್ದು. ಅದೂ ಎಡಗಿವಿಗೆ... ಆ ಕಿವಿಯ ಹಣೆಬರಹವನ್ನು ಆಮೇಲೆ ಹೇಳುತ್ತೇನೆ.

ನಮ್ಮೂರು ನವಲಗುಂದ ತಾಲೂಕಿನ ಮೊರಬ. ಮನೆಯ ಹಿಂದೆ, ಮೊದಲು ಕಡಲೆ ಚೀಲ ಒಟ್ಟುತ್ತಿದ್ದ ಒಂದು ಕೋಣೆ ಇದೆ. ಅದರ ನಾಲ್ಕೂ ಗೋಡೆಗೆ ನನ್ನ ಅತ್ತೆ ಹೊಲಿದ ಹಳೆಯ ಕೌದಿಗಳನ್ನು ಬಡಿದು, ನಡುವೆ ಒಂದು ಕಂಪ್ಯೂಟರ್ ಇಟ್ಟು, ಸ್ಟುಡಿಯೋ ಎಂದು ಹೆಸರಿಟ್ಟವನು ನಾನೇ. ಸುತ್ತಲಿನ ಊರುಗಳ ಭಜನಾ ಮೇಳದವರು ನನ್ನ ಹತ್ತಿರವೇ ರೆಕಾರ್ಡ್ ಮಾಡಿಸುತ್ತಾರೆ. ಹಾಡು ಹಿಡಿಯುವುದು ದೊಡ್ಡದಲ್ಲ. ಹಾರ್ಮೋನಿಯಂ ಪೇಟಿ ಎಷ್ಟು ಕೇಳಬೇಕು, ತಬಲಾ ಎಲ್ಲಿ ಕೂರಬೇಕು, ಯಾರ ದನಿ ಎಡಕ್ಕೆ, ಯಾರದು ಬಲಕ್ಕೆ ಎಂದು ಹದ ಮಾಡುತ್ತೇವಲ್ಲ, ಆ ಮಿಕ್ಸಿಂಗಿಗೆ ಬೇಕು ಕಿವಿ. ಹಗಲೆಲ್ಲ ಟ್ರ್ಯಾಕ್ಟರುಗಳ ಹಾಡು, ಹಿಟ್ಟಿನ ಗಿರಣಿಯ ಸದ್ದು. ಅದಕ್ಕೇ ಆ ಕೆಲಸ ರಾತ್ರಿಯೇ ಆಗಬೇಕು.

ನನಗೆ ತಾಳ ಕಲಿಸಿದವನು ಫಕೀರಪ್ಪ ಕಾಕಾ, ನಮ್ಮಪ್ಪನ ತಮ್ಮ. ಊರ ಮೇಳದಲ್ಲಿ ತಾಳ ಹಿಡಿಯುತ್ತಿದ್ದ. ಅವನ ತಾಳದ ಒಂದು ಬಟ್ಟಲು ಅಂಚಿನಲ್ಲಿ ಸೀಳಿತ್ತು. ಬಾರಿಸಿದರೆ ಠಣ್ ಎಂದ ಮೇಲೆ ಝರ್... ಎಂದು ಸಣ್ಣಗೆ ಬಾಲ ಎಳೆಯುತ್ತಿತ್ತು. ಹೊಸದು ತರೋಣ ಎಂದರೆ ಒಪ್ಪುತ್ತಿರಲಿಲ್ಲ.

"ನನ್ನ ಹಲ್ಲ ಬಿದ್ದಾವು, ಅದರ ಅಂಚ ಬಿದ್ದೈತಿ. ಜೋಡಿ ಸರಿ ಐತಿ, ಸುಮ್ಕಿರಲೇ" ಎನ್ನುತ್ತಿದ್ದ.

ಅವನ ಬಾಯಲ್ಲಿ ನಲವತ್ತರ ಮೇಲೆ ಹಾಡುಗಳಿದ್ದವು. ಅವನ ಗುರುವಿನಿಂದ ಬಂದವು. ಎಲ್ಲೂ ಬರೆದಿಟ್ಟಿರಲಿಲ್ಲ, ಮೇಳದಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಕಳೆದ ವರ್ಷ ಒಂದು ದಿನ ಕೋಣೆಗೆ ಬಂದು ಕೂತು, ತಂಬಾಕಿಗೆ ಸುಣ್ಣ ತಿಕ್ಕುತ್ತಾ ಹೇಳಿದ: "ಈರ್ಯಾ, ಇವನ್ನ ಹಿಡದಿಡಪಾ. ನಾ ಹ್ವಾದ್ರ ನನ್ನ ಕೂಡ ಮಣ್ಣಾಗ ಹೋಗ್ತಾವ."

"ಹಿಡಿಯೂಣು ಕಾಕಾ. ಛಲೋ ಹೆಡ್‌ಫೋನ್ ಒಂದ ಬರ್ಲಿ. ಈ ಹಾಳಾದ್ದರಾಗ ಎಡಕ್ಕ ಏನೂ ಸರಿ ಕೇಳಂಗಿಲ್ಲ. ಆದ್ರ ಮೇಳದವ್ರ ಮುಂದ ಈಗ ಬಾಯಿ ಬಿಡಬ್ಯಾಡ. ಎಲ್ಲಾರೂ ನನ್ನ ಬೆನ್ನ ಹತ್ತತಾರ."

"ನಾ ಯಾಕ ಹೇಳ್ಲಿ? ಬಂತು ಅಂತ ಒಂದ ಮಾತ ಅನ್ನು ಸಾಕು. ಎಲ್ಲಿದ್ರೂ ಎದ್ದ ಬರ್ತೀನಿ."

ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅಂದಿನಿಂದ ಶುರುವಾಯಿತು ನನ್ನ ಆಯ್ಕೆ. ನಮ್ಮಪ್ಪ ಎತ್ತು ಕೊಳ್ಳುವಾಗಲೂ ಇಷ್ಟು ತಿರುವಿ ಮುರುವಿ ನೋಡಿದವನಲ್ಲ. ಮಿಕ್ಸಿಂಗಿಗೆ ಹಿಂಬದಿ ಜಾಲರಿ ಇರುವ ಓಪನ್ ಹೆಡ್‌ಫೋನ್ ಒಳ್ಳೆಯದು, ದನಿಗೆ ಉಸಿರಾಡಲು ಜಾಗ ಸಿಗುತ್ತದೆ ಎಂದು ಒಬ್ಬ ಹೇಳುತ್ತಿದ್ದ. ಅದರಲ್ಲಿ ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ, ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ಕ್ಲೋಸ್ಡ್ ತಗೋ ಎಂದು ಇನ್ನೊಬ್ಬ. ಮೊಬೈಲಿನಲ್ಲಿ ಅಂಥ ವಿಡಿಯೋಗಳನ್ನು ನೋಡುತ್ತ ಒಂದು ವರ್ಷ ಕಳೆದೆ.

ಕಾಕಾ ಸಿಕ್ಕಾಗಲೆಲ್ಲ ಕೇಳುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ, ಚಾದ ಅಂಗಡಿಯಲ್ಲಿ, ಮಠದ ಕಟ್ಟೆಯಲ್ಲಿ. ಗುಟ್ಟಿನ ಮಾತಲ್ಲವೇ, ನನ್ನ ಎಡಕ್ಕೆ ಬಂದು ಕಿವಿಯ ಹತ್ತಿರ ಬಗ್ಗುತ್ತಿದ್ದ. "ಬಂತೇನೋ ತಮ್ಮಾ?"

"ಬರ್ತೈತಿ ಕಾಕಾ."

ಕೊನೆಯ ಸಲ ಬಗ್ಗಿದಾಗ ಅವನ ಬಿಸಿ ಉಸಿರು ತಗಲಿತು, ತಂಬಾಕಿನ ವಾಸನೆ ಬಂತು. ಮಾತು ಮಾತ್ರ ಕೇಳಲಿಲ್ಲ. ಆದರೂ "ಬರ್ತೈತಿ" ಎಂದೆ. ಸೀಗಿ ಹುಣ್ಣಿಮೆಗೆ ಇನ್ನೂ ಒಂದು ವಾರ ಇರುವಾಗ, ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ನಲವತ್ತು ಹಾಡಿನಲ್ಲಿ ನನ್ನ ಹತ್ತಿರ ಒಂದೂ ಇರಲಿಲ್ಲ.

ನಮ್ಮ ಮೇಳದಲ್ಲಿ ಒಂದು ಪದ್ಧತಿ ಇದೆ. ಮೇಳದವರೊಬ್ಬರು ತೀರಿಕೊಂಡರೆ ಒಂದು ವರ್ಷ ಅವರ ಜಾಗವನ್ನು ಬಿಟ್ಟೇ ಕೂರುತ್ತಾರೆ. ಅಲ್ಲಿ ಅವರು ಹೆಗಲ ಮೇಲೆ ಹಾಕುತ್ತಿದ್ದ ವಲ್ಲಿ ಹಾಸಿ, ಅದರ ಮೇಲೆ ಅವರು ಹಿಡಿಯುತ್ತಿದ್ದ ವಾದ್ಯ ಇಡುತ್ತಾರೆ. ವರ್ಷ ತುಂಬುವ ತನಕ ಅದನ್ನು ಇನ್ನೊಬ್ಬರು ಬಾರಿಸುವಂತಿಲ್ಲ.

ಕಡಲೆ ಹೊಲಗಳು ಹುಳಿ ವಾಸನೆ ಹೊಡೆಯುವ ಚಳಿಗಾಲದಲ್ಲಿ, ಕಾಕಾನ ನೆನಪಿಗೆಂದು ಮೇಳದವರು ಮಠದಲ್ಲಿ ಹಾಡಿದರು. ರೆಕಾರ್ಡ್ ಮಾಡಲು ಹೋದವನು ನಾನು. ಕೂತವರು ನಾಲ್ವರು. ಕೈಯ ರೂಢಿ ನೋಡಿ, ಮೈಕ್ ಇಟ್ಟದ್ದು ಐದು. ಐದನೆಯದು ಖಾಲಿ ಜಾಗದ ಮುಂದೆ, ವಲ್ಲಿಯ ಮೇಲಿದ್ದ ತಾಳದ ಎದುರಿಗೆ ನಿಂತಿತ್ತು. ಕಂಡ ಕೂಡಲೇ ಎತ್ತಲು ಹೋದೆ.

ಪೇಟಿ ಹಿಡಿದು ಕೂತಿದ್ದ ಮೇಳದ ಹಿರಿಯ ಗುರಪ್ಪಜ್ಜ ತಡೆದ. "ಇರ್ಲಿ ಬಿಡೋ. ಜಾಗಾನ ಬಿಟ್ಟೀವಿ, ಮೈಕ್ ಯಾಕ ತಗೀತಿ?"

ಬಿಟ್ಟೆ. ಆ ಹೊತ್ತಿಗೆ ನನಗೇನೂ ಅನ್ನಿಸಲಿಲ್ಲ.

ಆ ಹಾಡುಗಳ ಮಿಕ್ಸಿಂಗಿಗೆ ಇನ್ನಾದರೂ ಹೆಡ್‌ಫೋನ್ ತರೋಣವೆಂದು ಆ ಶನಿವಾರ ಹುಬ್ಬಳ್ಳಿಗೆ ಹೋದೆ. ಗುರುತಿನ ಅಂಗಡಿಯವರು ನನ್ನ ಹೊಯ್ದಾಟ ನೋಡಿ ಬೇಸತ್ತು ಒಂದು ಓಪನ್, ಒಂದು ಕ್ಲೋಸ್ಡ್, ಎರಡನ್ನೂ ಕೈಗಿಟ್ಟರು. "ಎರಡೂ ಒಯ್ರಿ ಈರಣ್ಣಾರ. ಸೋಮವಾರ ಒಂದ ವಾಪಸ್ ತರ್ರಿ. ಇದರಾಗೂ ಎಡಕ್ಕ ಕೇಳ್ಲಿಲ್ಲಂದ್ರ ಕಿವೀನ ಬದಲ್ ಮಾಡ್ರಿ" ಎಂದು ನಕ್ಕರು. ನಾನೂ ನಕ್ಕೆ. ಮತ್ತೆ ಅವರ ಮುಖ ನೋಡದೆ ಹೊರಟೆ.

ಯಾಕೆ ಅಂತೀರಾ? ದನಿ ಹೆಡ್‌ಫೋನಿನಲ್ಲಿ ಇಲ್ಲವೋ ಕಿವಿಯಲ್ಲಿ ಇಲ್ಲವೋ ತಿಳಿಯಲು ಎರಡು ನಿಮಿಷ ಸಾಕು. ಹೆಡ್‌ಫೋನನ್ನು ತಿರುವಿ ಹಾಕಿಕೊಂಡರೆ ಆಯಿತು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕಲಿಯಲು ಬಂದ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ. ನಾನು ಮಾತ್ರ ಒಂದು ವರ್ಷ ಅದನ್ನು ಮಾಡಿರಲಿಲ್ಲ.

ಅಂದು ರಾತ್ರಿ ಹನ್ನೊಂದರ ಸುಮಾರಿಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಮೊದಲು ಓಪನ್. ಅಬ್ಬಾ! ಬಲಗಿವಿಯಲ್ಲಿ ಗುರಪ್ಪಜ್ಜನ ಪೇಟಿ ಪಕ್ಕದಲ್ಲೇ ಕೂತು ಬಾರಿಸಿದ ಹಾಗಿತ್ತು. ಎಡಕ್ಕೆ... ಏನೂ ಇಲ್ಲ.

ಎಡಕ್ಕೆ ದನಿ ಏರಿಸಿದೆ. ಇನ್ನೂ ಏರಿಸಿದೆ. ಕಿವಿಯ ಮೇಲೆ ಅದರ ಗುಮುಗುಮು ತಗಲುತ್ತಿತ್ತು, ಸದ್ದಿಲ್ಲ. ದೇವರಿಗೊಂದು ನಮಸ್ಕಾರ ಹಾಕಿ ಹೆಡ್‌ಫೋನನ್ನು ತಿರುವಿ ಹಾಕಿಕೊಂಡೆ. ಎಡದ ದನಿ ಬಲಗಿವಿಗೆ ಸಿಡಿಲು ಹೊಡೆದ ಹಾಗೆ ಬಡಿಯಿತು. ಹೆಡ್‌ಫೋನ್ ಸರಿಯಾಗಿಯೇ ಇತ್ತು. ನಾನು ಬಯ್ದ ಹಳೆಯದೂ ಸರಿಯಾಗಿಯೇ ಇದ್ದಿರಬೇಕು. ಸತ್ತದ್ದು ನನ್ನ ಕಿವಿ.

ಅತ್ತುಬಿಟ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೌದಿಗೆ ತಲೆ ಹೊಡೆದುಕೊಂಡು ಅತ್ತೆ. ಒಂದೇ ಕಿವಿ ಇಟ್ಟುಕೊಂಡು ನಾನು ಯಾರ ಹಾಡಿಗೆ ಹದ ಮಾಡಲಿ? ನನಗೆ ಬೇರೆ ಯಾವ ಕೆಲಸ ಬರುತ್ತದೆ? ಮುರಿದದ್ದು ಕಿವಿಯೆಂದು ಒಪ್ಪಿಕೊಂಡಿದ್ದರೆ ಅಂದೇ ಕಾಕಾನನ್ನು ಕೂರಿಸಿ ಹಾಡಿಸಬಹುದಿತ್ತು. ಇರುವ ಮೈಕೇ ಸಾಕಿತ್ತು. ಹಾಡು ಹಿಡಿಯುವುದು ಮೈಕು, ಹೆಡ್‌ಫೋನಲ್ಲ. ನನ್ನ ಹೆದರಿಕೆ ಮುಚ್ಚಲು ಮುದುಕನನ್ನು ಒಂದು ವರ್ಷ ಕಾಯಿಸಿ ಕೊಂದೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಹಾಡು ಓಡುತ್ತಲೇ ಇತ್ತು. ಹೆಡ್‌ಫೋನನ್ನು ಸರಿಯಾಗಿ ಹಾಕಿಕೊಂಡು, ಸುಮ್ಮನೆ, ಏನೋ ಒಂದು ಮಾಡಬೇಕೆಂದು ಐದನೇ ಮೈಕಿನದೊಂದನ್ನೇ ಬಿಟ್ಟು ಉಳಿದವನ್ನು ಮುಚ್ಚಿದೆ. ಕಾಕಾ ಮೇಳದಲ್ಲಿ ಎಡತುದಿಗೆ ಕೂರುತ್ತಿದ್ದ. ಅದಕ್ಕೆ ಅದನ್ನು ಪೂರ್ತಿ ಎಡಕ್ಕೆ ಇಟ್ಟಿದ್ದೆ. ಅಂದರೆ ಸತ್ತ ಕಿವಿಗೆ.

ಠಣ್... ಝರ್...

ಕೈ ಅಲ್ಲೇ ನಿಂತಿತು. ಆಗಷ್ಟೇ ಸತ್ತದ್ದೆಂದು ತಿಳಿದ ಕಿವಿಯಲ್ಲಿ ತಾಳ!

ಠಣ್... ಝರ್...

ಓಪನ್ ಹೆಡ್‌ಫೋನಲ್ಲವೇ, ಹೊರಗೆ ಯಾರೋ ಬಾರಿಸುತ್ತಿದ್ದಾರೆ ಎಂದುಕೊಂಡೆ. ಬಾಗಿಲು ತೆಗೆದು ನೋಡಿದೆ. ಮಂಜು ಬಿದ್ದ ಹಿತ್ತಲು, ಕಟ್ಟಿದ ಎಮ್ಮೆ, ದೂರದಲ್ಲಿ ಒಂದು ನಾಯಿ. ಬಾಗಿಲು ಹಾಕಿ, ಹೊರಗಿನ ಸದ್ದು ಬರದ ಕ್ಲೋಸ್ಡ್ ಹೆಡ್‌ಫೋನ್ ಹಾಕಿಕೊಂಡೆ. ತಾಳ ಇನ್ನೂ ಹತ್ತಿರವಾಯಿತು.

ಅದನ್ನೂ ತಿರುವಿ ಹಾಕಿದೆ. ಈಗ ಐದನೇ ಮೈಕಿನ ದನಿ ನನ್ನ ಒಳ್ಳೆಯ ಕಿವಿಗೆ ಬರಬೇಕು. ಬಂತು. ದೂರದಿಂದ ಸೋರಿ ಬಂದ ಪೇಟಿ, ತಬಲಾ, ಅಷ್ಟೇ. ಅದರಲ್ಲಿ ತಾಳ ಇರಲಿಲ್ಲ. ತಾಳ ಎಡಗಿವಿಯಲ್ಲೇ ಇತ್ತು. ಆ ಬದಿಗೆ ನಾನು ಯಾವ ದನಿಯನ್ನೂ ಬಿಟ್ಟಿರಲಿಲ್ಲ.

ಹಾಡು ನಿಲ್ಲಿಸಿದೆ. ಬಲಕ್ಕೆ ಪೇಟಿ ನಿಂತಿತು. ಎಡಕ್ಕೆ ಠಣ್... ಝರ್... ಇನ್ನೊಮ್ಮೆ ಠಣ್... ಆಮೇಲೆ ಹಾಡುವ ಮೊದಲು ಕಾಕಾ ಗಂಟಲು ಸರಿ ಮಾಡಿಕೊಳ್ಳುತ್ತಿದ್ದ ಸಣ್ಣ ಕೆಮ್ಮು. ಮುಚ್ಚಿದ ಕೋಣೆಯಲ್ಲಿ ಸುಣ್ಣ ತಿಕ್ಕಿದ ತಂಬಾಕಿನ ವಾಸನೆ. ಹೆಡ್‌ಫೋನ್ ಮುಚ್ಚಿದ್ದ ಕಿವಿಗೆ ಬಿಸಿ ಉಸಿರು...

"ಬಂತೇನೋ ತಮ್ಮಾ?"

ಹೆಡ್‌ಫೋನ್ ಕಿತ್ತೆಸೆದು ಮನೆಯೊಳಗೆ ಓಡಿದೆ. ಹೆಂಡತಿ ಗಿರಿಜಾ ಎದ್ದು ದೀಪ ಹಾಕಿದಳು. "ಏನಾತ್ರಿ? ಯಾಕ ಹಿಂಗ ಬೆವತೀರಿ?"

"ಗಿರಿಜಾ, ನನ್ನ ಎಡಗಿವಿ ಹೋಗೈತಿ" ಎಂದಷ್ಟೇ ಅಂದೆ.

ಅವಳು ನನ್ನ ಬಲಕ್ಕೆ ಬಂದು ಕೂತಳು. "ನಂಗ ಗೊತ್ತೈತ್ರಿ. ವರ್ಷ ಆತು, ನಾ ನಿಮ್ಮ ಬಲಕ್ಕ ಕುಂತ ಮಾತಾಡಾಕತ್ತು. ನೀವಽ ಹೇಳ್ಲಿ ಅಂತ ಸುಮ್ನಿದ್ದೆ."

ಅವಳ ಕೈ ಹಿಡಿದುಕೊಂಡೇ ಬೆಳಗು ಮಾಡಿದೆ. ಮನಸ್ಸಿಗೆ ಹಚ್ಚಿಕೊಂಡು ಹಾಗೆ ಕೇಳಿಸಿರಬೇಕು, ಸತ್ತ ನರ ಏನೇನೋ ಆಡಿಸುತ್ತದಂತೆ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಬಿಡಲಾಗಲಿಲ್ಲ. ಹೊತ್ತೇರಿದ ಮೇಲೆ ಗುರಪ್ಪಜ್ಜನನ್ನು ಕರೆತಂದೆ. ಎಂಬತ್ತು ದಾಟಿದ್ದರೂ ಅಗದಿ ಗಟ್ಟಿ ಕಿವಿ ಅವನದು. ರಾತ್ರಿಯ ವಿಷಯ ಒಂದಕ್ಷರ ಹೇಳಲಿಲ್ಲ. "ಅಜ್ಜಾ, ಐದನೇ ಮೈಕಿನ್ಯಾಗ ಏನರೆ ಬಂದೈತೇನ ಕೇಳ್ರಿ" ಎಂದು ಹೆಡ್‌ಫೋನ್ ಹಾಕಿದೆ.

ಅವನು ಕಣ್ಣು ಮುಚ್ಚಿ ಕೂತ. ಸ್ವಲ್ಪ ಹೊತ್ತಿಗೆ ಅವನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಪೇಟಿಯ ಲಯಕ್ಕೆ ಹಾಕುತ್ತಿರಬಹುದು ಎಂದುಕೊಂಡೆ. ಹಾಡು ಮುಗಿಯಿತು. ಅವನ ಬೆರಳು ಇನ್ನೂ ಎರಡು ಪೆಟ್ಟು ಹಾಕಿ ನಿಂತಿತು. ನಿಧಾನಕ್ಕೆ ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿದ.

"ಲೇ ಈರಣ್ಣಾ... ನೀ ಏನ ತರಸಾಂವ ಇದ್ದಿ?"

"ಯಾಕ್ರಿ ಅಜ್ಜಾ?"

"ಫಕೀರಪ್ಪ ಕೇಳಾಕತ್ತಾನಲ್ಲೋ... ಬಂತೇನ ಅಂತ."

ಗಿರಿಜಾ ತಂದಿಟ್ಟ ಚಾ ಹಾಗೇ ಬಿಟ್ಟು, ತಲೆಗೆ ರುಮಾಲು ಸುತ್ತಿಕೊಂಡು ಎದ್ದು ಹೋದ. ಆಮೇಲೆ ಈ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಸೋಮವಾರ ಎರಡೂ ಹೆಡ್‌ಫೋನುಗಳನ್ನು ವಾಪಸ್ ಕೊಟ್ಟೆ. ಅಂಗಡಿಯವರಿಗೆ ಸಿಟ್ಟು ಬಂತು, ಬರಲಿ. ಅಲ್ಲೇ ಹುಬ್ಬಳ್ಳಿಯಲ್ಲಿ ಡಾಕ್ಟರು ನನ್ನ ಕಿವಿ ಪರೀಕ್ಷೆ ಮಾಡಿ, ಎಡದ್ದು ಪೂರ್ತಿ ಹೋಗಿದೆ, ಇನ್ನು ಏನೂ ಕೇಳಿಸುವುದಿಲ್ಲ ಎಂದು ಬರೆದುಕೊಟ್ಟರು. ಆ ಚೀಟಿ ಇನ್ನೂ ಜೇಬಿನಲ್ಲಿದೆ. ಈಗ ಹಳೆಯ ಹೆಡ್‌ಫೋನಿನಲ್ಲೇ ಕೆಲಸ. ಬಲದ್ದನ್ನು ನಾನು ಕೇಳುತ್ತೇನೆ, ಎಡದ್ದನ್ನು ಗಿರಿಜಾ ಕೇಳಿ ಹೇಳುತ್ತಾಳೆ.

ಅವಳು ಮಲಗಲು ಹೋದ ಮೇಲೆ ಒಬ್ಬನೇ ಉಳಿದರೆ ತಂಬಾಕಿನ ವಾಸನೆ ಬರುತ್ತದೆ. ಹೆಡ್‌ಫೋನ್ ಬೇಕೆಂದೇ ಇಲ್ಲ. ಎಡಗಿವಿಗೆ ಉಸಿರು ತಗಲುತ್ತದೆ. ಸಿಟ್ಟಿಲ್ಲ, ಬೇಸರವಿಲ್ಲ, ಚಾದ ಅಂಗಡಿಯಲ್ಲಿ ಕೇಳುತ್ತಿದ್ದ ಅದೇ ದನಿ. ನಾನು ಉತ್ತರ ಕೊಟ್ಟಿಲ್ಲ. "ಬಂತು" ಎಂದರೆ ಎದ್ದು ಬರುತ್ತೇನೆ ಎಂದವನು ಅವನು. ಮಾತಿಗೆ ತಪ್ಪಿದ ಮನುಷ್ಯನಲ್ಲ.

ಆದರೆ ಆ ನಲವತ್ತು ಹಾಡು... ಅವನು ಬಂದು ಕೂತರೆ ಹಾಡುತ್ತಾನಲ್ಲ. ನಿನ್ನೆ ರಾತ್ರಿ ಅವನು ಕೇಳಿದಾಗ, ನನಗೇ ಗೊತ್ತಿಲ್ಲದೆ ಐದನೇ ಮೈಕನ್ನು ತಂದು, ಕೋಣೆಯಲ್ಲಿ ಹಾಡುವವರಿಗೆಂದು ಹಾಸಿದ ಖಾಲಿ ಚಾಪೆಯ ಮುಂದೆ ಇಟ್ಟಿದ್ದೆ. ಬಾಯಿ ಅರ್ಧ ತೆರೆದಿತ್ತು. ಒಳಗಿನಿಂದ ಗಿರಿಜಾ ಕೂಗಿದ್ದಕ್ಕೆ ಉಳಿದೆ.

ಇವತ್ತು ಅವಳು ತವರಿಗೆ ಹೋಗಿದ್ದಾಳೆ. ಮೈಕು ಇಟ್ಟಲ್ಲೇ ಇದೆ.