ಅಕ್ಕನ ಬೆಂಕಿಪೆಟ್ಟಿಗೆಯ ಸೊಳ್ಳೆ

ನನ್ನ ಮೇಜಿನ ಮೇಲೊಂದು ಬೆಂಕಿಪೆಟ್ಟಿಗೆ ಇದೆ. ಕಡ್ಡಿಗಳಿಲ್ಲ, ಒಳಗೊಂದು ಸತ್ತ ಸೊಳ್ಳೆ ಮಾತ್ರ. ನಗಬೇಡಿ ಮಾರಾಯರೇ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡು ಸುತ್ತಿ ಸೊಳ್ಳೆ ಹಿಡಿದು ಅದರ ಜಾತಿ ಹೇಳುವುದೇ ಇಪ್ಪತ್ತು ವರ್ಷದಿಂದ ನನ್ನ ಅನ್ನದ ದಾರಿ.

ನಿಮಗೆ ಸೊಳ್ಳೆಯೆಲ್ಲ ಒಂದೇ, ಚಪ್ಪಾಳೆ ತಟ್ಟಿದರೆ ಮುಗಿಯಿತು. ನನಗೋ, ಮರದ ಪೊಟರೆಯಲ್ಲಿ ಕೊಳೆತೆಲೆಯ ಕಷಾಯದಂಥ ನೀರಲ್ಲಿ ಹುಟ್ಟುವುದು ಬೇರೆ, ಕಡಿದ ಬಿದಿರಿನ ಬುಡದ್ದು ಬೇರೆ, ಗದ್ದೆಯದು ಬೇರೆ. ರಕ್ತ ಹೀರುವುದು ಹೆಣ್ಣು ಮಾತ್ರ, ಮೊಟ್ಟೆಗಾಗಿ. ಗಂಡು ಹೂವಿನ ರಸ ಕುಡಿದು ಸುಮ್ಮನಿರುವ ಸಾಧು. ಡೆಂಗ್ಯೂ ಹರಡುವ ಹುಲಿಸೊಳ್ಳೆಗೆ ಬೆನ್ನ ನಡುವೆ ಒಂದು ಬೆಳ್ಳಿಗೆರೆ. ಆ ಗೆರೆಯೋ ಬರೀ ಸಣ್ಣ ಹುರುಪೆಗಳದು, ಚಿಟ್ಟೆಯ ರೆಕ್ಕೆಯ ಪುಡಿಯ ಹಾಗೆ ಮುಟ್ಟಿದರೆ ಉದುರುತ್ತದೆ. ಅದಕ್ಕೇ ನಾವು ಸೊಳ್ಳೆಯನ್ನು ಬಡಿಯುವುದಿಲ್ಲ, ಗಾಜಿನ ಕೊಳವೆಯಲ್ಲಿ ಉಸಿರೆಳೆದು ಹಿಡಿಯುತ್ತೇವೆ. ಬಡಿದ ಸೊಳ್ಳೆಗೆ ಜಾತಿ ಹೇಳಬಾರದು ಎಂಬುದೇ ಹೊಸಬರಿಗೆ ನಾನು ಕಲಿಸುವ ಮೊದಲ ಪಾಠ.

ಕಳೆದ ಮಳೆಗಾಲದಲ್ಲಿ, ರಿಪ್ಪನ್‌ಪೇಟೆ ಹತ್ತಿರದ ರಬ್ಬರ್ ತೋಟದ ಕೆಲಸಕ್ಕೆ ಹೋಗುತ್ತಿದ್ದ ನನ್ನಕ್ಕ ಗಿರಿಜಕ್ಕ ಈ ಪೆಟ್ಟಿಗೆ ತಂದಿಟ್ಟಳು.

"ಹಗಲೇ ಕಚ್ತಾವೆ ಕಣೋ. ಡೆಂಗ್ಯೂದಾ ನೋಡು. ಹಂಗಿದ್ರೆ ಚಿಪ್ಪೆಲ್ಲ ಕವುಚಿ ಹಾಕ್ಬೇಕು, ಸೊಂಟ ಬೇರೆ ಬಿದ್ದೋಗಿದೆ."

ಮಳೆಗೆ ರಬ್ಬರ್ ಹಾಲು ತೆಗೆಯುವುದು ನಿಂತಿತ್ತು. ಹಾಲು ಹಿಡಿಯಲು ಮರಮರಕ್ಕೂ ಕಟ್ಟಿದ್ದ ಚಿಪ್ಪುಗಳಲ್ಲಿ ನೀರು ತುಂಬಿತ್ತು. ಲೆನ್ಸ್ ಹಿಡಿದೆ. ಅಕ್ಕನ ಅಂಗೈಯೇಟಿಗೆ ಸೊಳ್ಳೆಯ ಬೆನ್ನು ಸವೆದಿತ್ತು, ಕಾಲುಗಳು ಮುರಿದಿದ್ದವು. ಗೊತ್ತಾಗುವುದಿಲ್ಲ ಎನ್ನಬೇಕಿತ್ತು. ಆದರೆ ತಮ್ಮ ದೊಡ್ಡ ಪಂಡಿತನೆಂದು ಊರೆಲ್ಲ ಹೇಳಿಕೊಂಡು ತಿರುಗುವ ಅಕ್ಕನೆದುರು ಆ ಮಾತಿಗೆ ನಾಲಿಗೆ ಏಳಲಿಲ್ಲ.

"ಗೆರೆ ಇಲ್ಲ ಕಣಕ್ಕ, ಕಾಡಿಂದು ಇದು. ಚಿಪ್ಪು ಇರ್ಲಿ ಬಿಡು, ಸುಮ್ನೆ ಸೊಂಟ ಮುರ್ಕೋಬೇಡ."

"ನೀ ಹೇಳಿದ್ಮೇಲೆ ಮುಗೀತು" ಎಂದು ಚಾ ಕುಡಿದು ಹೋದಳು.

ಹತ್ತು ದಿನಕ್ಕೆ ಜ್ವರ. ಆಸ್ಪತ್ರೆಯಲ್ಲಿ ಡೆಂಗ್ಯೂ ಎಂದರು. ವಾರ ತುಂಬುವುದರೊಳಗೆ ಅಕ್ಕ ಹೋಗಿಬಿಟ್ಟಳು. ಅವಳ ಕಾರ್ಯ ಮುಗಿಸಿ ತೋಟಕ್ಕೆ ಹೋದೆ. ಚಿಪ್ಪಿನ ನೀರಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಒಂದಷ್ಟನ್ನು ತಂದು ಬಾಟಲಿಯಲ್ಲಿ ಬೆಳೆಸಿದೆ. ರೆಕ್ಕೆ ಬಂದ ಒಂದೊಂದರ ಬೆನ್ನ ಮೇಲೂ ಗೆರೆ ಇತ್ತು.

ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಅಯ್ಯೋ, ಫಲಕ್ಕೆಂದು ಯಾರು ಚಿಂತಿಸುತ್ತಾರೆ? ಆ ಚಿಪ್ಪುಗಳನ್ನೆಲ್ಲ ನಾನೇ ಕವುಚಿ ಬಂದೆ, ಎಲ್ಲ ಮುಗಿದ ಮೇಲೆ. ಈಗ ದಿನಾ ಬೆಳಿಗ್ಗೆ ಈ ಪೆಟ್ಟಿಗೆ ತೆರೆದು ಲೆನ್ಸ್ ಹಿಡಿಯುತ್ತೇನೆ. ಗೆರೆ ಕಾಣುವುದಿಲ್ಲ. ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅಂದು ಅಕ್ಕನಿಗೆ ಹೇಳಬೇಕಿದ್ದದ್ದೂ ಇಷ್ಟೇ.