ಕೆಂಪು ಕಾರಿನ ಮೇಲೆ ಒಂದು ಬಿಳಿ ಗೆರೆ

ನಲ್ಲಂಪಳ್ಳಿ ದಾಟಿದರೆ ಹೈವೇ ಪಕ್ಕದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡು ಸಿಗುತ್ತದೆ. ಅಲ್ಲಿ ನನ್ನ ಕೆಲಸ ಗೆರೆ ಎಳೆಯುವುದು. ಬಣ್ಣ ಯಾರು ಬೇಕಾದರೂ ಬಳಿಯಬಹುದು. ಹೀಗೆ ಹೇಳಿದರೆ ಶೆಡ್ಡಿನವರಿಗೆ ಕೋಪ ಬರುತ್ತದೆ, ಬರಲಿ. ಕ್ಯಾಬಿನ್ನಿನಿಂದ ಹಿಂಬಾಗಿಲಿನವರೆಗೆ ಸ್ಕೇಲಿಲ್ಲದೆ, ಎಲ್ಲೂ ದಪ್ಪವಾಗದೆ ಸಣ್ಣಗಾಗದೆ ಬಿಳಿ ಗೆರೆ ಎಳೆಯುವುದೇ ಬೇರೆ ವಿದ್ಯೆ. ಅದರ ಗುಟ್ಟು ಇಷ್ಟೇ: ಕೈ ನಿಲ್ಲಬೇಕು, ಕಾಲು ನಡೆಯಬೇಕು.

ಹೋದ ವರ್ಷ ಲಾರಿ ಪಕ್ಕ ನಿಲ್ಲಲು ಕಟ್ಟಿದ ಸಾರದ ಹಲಗೆಯಿಂದ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ನಮ್ಮ ಕಡೆ ಮಾವುಕಟ್ಟು ಎನ್ನುವ ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ನೋಡಲು ಮೊದಲಿನಂತೆಯೇ ಇತ್ತು. ಆದರೆ ಲೋಟ ಹಿಡಿದರೆ ಒಳಗಿನ ಟೀ ತುಳುಕುತ್ತಿತ್ತು. ದಿನಾ ರಬ್ಬರ್ ಚೆಂಡು ಹಿಸುಕಿ, ಸಣ್ಣಪುಟ್ಟ ಕೆಲಸ ಮಾಡಿ, ಸರಿಹೋಗುತ್ತದೆ ಎಂದರು ಡಾಕ್ಟರು. ಯಾವಾಗ ಎಂದು ಹೇಳಲಿಲ್ಲ. ಶೆಡ್ಡಿಗೆ ಹೋದರೆ ಮೇಸ್ತ್ರಿ ನನ್ನ ಕೈ ನೋಡಿದರು, ಮುಖ ನೋಡಲಿಲ್ಲ.

"ಮೊದಲ್ಲ ಕೈ ನಿಲ್ಲಲಿ, ಅಪ್ಪುರಂ ಲೈನ್ ಪಾಕಲಾಂ. ಅಲ್ಲೀಗಂಟ ಉಜ್ಜೋ ಕೆಲ್ಸ ಮಾಡು," ಅಂದರು, ನಮ್ಮ ಕಡೆಯ ತಮಿಳು ಬೆರೆತ ಮಾತಿನಲ್ಲಿ. ಗೆರೆಯ ವಿಚಾರ ಆಮೇಲೆ ನೋಡೋಣ ಎಂದರ್ಥ.

ಇಪ್ಪತ್ತು ವರ್ಷ ಗೆರೆ ಎಳೆದವನ ಕೈಗೆ ಹಳೇ ಬಣ್ಣ ಉಜ್ಜುವ ಉಪ್ಪುಕಾಗದ! ಹಾಳಾಗಿ ಹೋಗಲಿ ಎಂದು ಉಜ್ಜಿದೆ. ಕೈ ನಿಲ್ಲದಿದ್ದರೆ ಇನ್ನು ಸಾಯುವವರೆಗೂ ಉಜ್ಜುವುದೇ ಎಂಬ ಹೆದರಿಕೆ ಒಳಗೊಳಗೇ ಕೊರೆಯುತ್ತಿತ್ತು.

ಚೆಂಡು ಹಿಸುಕಿ ಹಿಸುಕಿ ಬೇಜಾರಾಗಿಯೇ ನಾನು ಕಾರು ಕಟ್ಟಲು ಕೂತದ್ದು. ಹಿಂದೊಮ್ಮೆ ಶೆಡ್ಡಿನೆದುರು ಯಾರೋ ಟೀ ಕುಡಿಯಲು ನಿಲ್ಲಿಸಿದ್ದ ಒಂದು ಸ್ಪೋರ್ಟ್ಸ್ ಕಾರನ್ನು ನಾಲ್ಕೂ ಕಡೆಯಿಂದ ಫೋಟೋ ಹೊಡೆದಿಟ್ಟಿದ್ದೆ. ಅಡಿಗೊಂದು ಇಂಚಿನ ಲೆಕ್ಕದಲ್ಲಿ ಹದಿನಾಲ್ಕು ಅಡಿಯ ಕಾರು ಹದಿನಾಲ್ಕು ಇಂಚಾಯಿತು. ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ತಗಡಿನ ತುಂಡುಗಳನ್ನು ಬಗ್ಗಿಸಿ ಮೈ ಮಾಡಿದೆ. ಉಬ್ಬುತಗ್ಗುಗಳಿಗೆ ಡಬ್ಬದ ತಳದಲ್ಲಿ ಉಳಿದ, ತಗಡಿಗೆ ಮೆತ್ತುವ ಪುಟ್ಟಿ. ಹರಿದ ಹವಾಯಿ ಚಪ್ಪಲಿಯಿಂದ ನಾಲ್ಕು ಟೈರು, ಸೈಕಲ್ ಕಡ್ಡಿಯಿಂದ ಎರಡು ಆ್ಯಕ್ಸಲ್. ಚಕ್ರ ಓಲಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಎರಡು ಸಲ ಬಿಚ್ಚಿ ಕೂಡಿಸಿದೆ. ಸೀಟಿಗೆ ಲಾರಿ ಸೀಟಿನ ರೆಕ್ಸಿನ್ ಚೂರು, ಗಾಜಿಗೆ ಸ್ವೀಟ್ ಬಾಕ್ಸಿನ ಮುಚ್ಚಳ.

ಒಂದು ಸಂಜೆ ಅವ್ವ ಕುರಿ ಹೊಡೆದುಕೊಂಡು ಬಂದವಳು ಜಗಲಿಯ ಹತ್ತಿರ ನಿಂತಳು.

"ಇದೇನ್ಲಾ, ಕಾರೋ ಕಪ್ಪೆಯೋ? ಈಟು ತಗ್ಗಾಗಿದ್ರೆ ನಮ್ಮೂರ ರೋಡ್ನಾಗೆ ಓಗಾಕಾಯ್ತದಾ?"

"ಇದು ರೇಸ್ ಕಾರವ್ವಾ. ಇಂಗೇ ಇರ್ಬೇಕು."

"ಕುರಿ ಅಡ್ಡ ಬಂದ್ರೆ ಕಾರು ಅದ್ರ ಅಡೀಗೇ ಓಯ್ತದೆ ಬಿಡು," ಅಂದು ಒಳಗೆ ಹೋದಳು.

ಯಾವುದೋ ಲಾರಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ಸರಿಯಾಗಿ ಎರಡು ಕೋಟ್ ಬಳಿಯುವಷ್ಟಾಯಿತು. ಡಬ್ಬ ಖಾಲಿ. ಕಾರನ್ನು ಜಗಲಿಯಲ್ಲಿ ಒಣಗಲು ಬಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಬಾನೆಟ್ಟಿನ ನಟ್ಟನಡುವೆ, ಮಗುವಿನ ಹಣೆಗೆ ಇಟ್ಟಂತೆ, ಕಾಡಿಗೆಯ ದೊಡ್ಡ ಬೊಟ್ಟು! ಹಸಿ ಬಣ್ಣದಲ್ಲಿ ಅವ್ವನ ಬೆರಳು ಊರಿ ಗುಳಿಯೇ ಬಿದ್ದಿತ್ತು.

"ಅವ್ವಾ! ಏನ್ ಮಾಡ್ದೆ ಇದು?"

"ರೊಂಬ ಚೆಂದಾಗೈತಲ್ಲಾ, ಯಾರ್ದಾನ ಕಣ್ ಬಿದ್ದಾತು ಅಂತ ಇಟ್ಟೆ. ಒಣಗಿಲ್ಲ ಅಂತ ನಂಗೇನ್ ಗೊತ್ತು?"

ಕೂಗಾಡಿದೆ. ನನ್ನ ಸಿಟ್ಟು ಅವಳಿಗೆ ಹೊಸದಲ್ಲ, ಕುರಿಗೆ ನೀರಿಡಲು ಹೋದಳು. ಎರಡು ದಿನ ಬಿಟ್ಟು, ಬಣ್ಣ ಗಟ್ಟಿಯಾದ ಮೇಲೆ ಉಪ್ಪುಕಾಗದ ಹಿಡಿದು ಮೆಲ್ಲಗೆ ಉಜ್ಜಿದೆ. ಗುಳಿ ಹೋಯಿತು, ಕಪ್ಪು ಹೋಗಲಿಲ್ಲ. ಬಳಿಯೋಣವೆಂದರೆ ಕೆಂಪು ಇಲ್ಲ. ಇದ್ದದ್ದು ಗೆರೆ ಎಳೆಯುವ ಬಿಳಿ ಬಣ್ಣ ಮಾತ್ರ. ಮೂತಿಯಿಂದ ಬಾಲದವರೆಗೆ ನಡುವೆ ಒಂದು ಅಗಲವಾದ ಬಿಳಿ ಗೆರೆ ಎಳೆದರೆ ಬೊಟ್ಟು ಮುಚ್ಚುತ್ತದೆ.

ಈ ಕಾರಿಗೆ ಗೆರೆ ಬೇಡ, ಬರೀ ಕೆಂಪೇ ಚೆಂದ ಎಂದು ಮೊದಲ ದಿನದಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಚೆಂದವೂ ಇಲ್ಲ, ಮಣ್ಣೂ ಇಲ್ಲ. ಹೆದರಿದ್ದೆ, ಅಷ್ಟೇ.

ಮೊದಲು ಒಂದು ತಗಡಿನ ಚೂರಿನ ಮೇಲೆ ಎಳೆದು ನೋಡಿದೆ. ಮಣಿಕಟ್ಟು ತಿರುಗಿದಂತೆಲ್ಲ ಗೆರೆ ಸೊಟ್ಟಗಾಯಿತು. ಇನ್ನೊಂದು ಎಳೆದೆ, ಅದೂ ಸೊಟ್ಟ. ಬ್ರಶ್ಶನ್ನು ಥಿನ್ನರಿನಲ್ಲಿ ಅದ್ದಿಟ್ಟೆ. ಲಾರಿಯ ಪಕ್ಕದಲ್ಲಾದರೆ ಕೈ ಆಡಿಸುವುದೇ ಇಲ್ಲ, ನಡೆಯುತ್ತೇನೆ. ಹದಿನಾಲ್ಕು ಇಂಚಿನ ಕಾರಿನ ಪಕ್ಕ ಎಲ್ಲಿಂದ ನಡೆಯುವುದು? ಆಗ ಹೊಳೆಯಿತು. ನಾನು ನಡೆಯಲಾಗದಿದ್ದರೆ ಕಾರೇ ನಡೆಯಲಿ.

ಕಾರಿನ ಮೂತಿಗೆ ದಾರ ಕಟ್ಟಿ ಅವ್ವನ ಕೈಗೆ ಕೊಟ್ಟೆ. "ನಾನೇಳ್ದಾಗ ಎಳಿ. ಮೆಲ್ಲಕೆ. ನಿಲ್ಲಿಸ್ಬೇಡ."

"ಇದೊಂದು ಆಟ ನಿಂಗೆ," ಅಂದಳು. ಆದರೂ ಕೂತಳು.

ಮೊಣಕೈಯನ್ನು ಜಗಲಿಗೆ ಊರಿ, ಬ್ರಶ್ಶಿನ ತುದಿಯನ್ನು ಮೂತಿಗೆ ತಾಗಿಸಿ ಉಸಿರು ಹಿಡಿದೆ. "ಎಳಿ." ಮೊಂಡು ಕುರಿಗಳನ್ನು ಎಳೆದು ಪಳಗಿದ ಕೈ ಅವ್ವನದು. ಒಂದಿಷ್ಟೂ ಜಗ್ಗದೆ ಒಂದೇ ಹದದಲ್ಲಿ ಎಳೆಯಿತು. ಕಾರು ಬ್ರಶ್ಶಿನ ಕೆಳಗೆ ಸರಿಯಿತು. ಕಪ್ಪು ಬೊಟ್ಟು ಬಂತು, ಬಿಳಿಯ ಅಡಿಗೆ ಹೋಯಿತು. ಗಾಜು ಬಂದಾಗ ಬ್ರಶ್ ಎತ್ತಿ, ಮೇಲಿನ ಟಾಪಿಗೆ ಮತ್ತೆ ಇಟ್ಟೆ. ಬಾಲ ದಾಟಿದ ಮೇಲೆ ಉಸಿರು ಬಿಟ್ಟೆ.

ಗೆರೆ ನೆಟ್ಟಗಿತ್ತು. ಮೂತಿಯ ಕಡೆಯಿಂದ ನೋಡಿದೆ, ಬಾಲದ ಕಡೆಯಿಂದ ನೋಡಿದೆ, ನೆಟ್ಟಗೇ ಇತ್ತು. ಅಬ್ಬಾ, ಎಷ್ಟು ತಿಂಗಳ ಭಾರ ಎದೆಯಿಂದ ಇಳಿದು ಹೋಯಿತು! ಅಳು ಬಂತು. ಥಿನ್ನರ್ ವಾಸನೆಗೆ ಕಣ್ಣು ಉರೀತೈತೆ ಎಂದು ಅವ್ವನಿಗೆ ಸುಳ್ಳು ಹೇಳಿದೆ.

ಅವಳು ಕಾರನ್ನು ಬಗ್ಗಿ ನೋಡಿದಳು. "ನಾನಿಟ್ಟ ಬೊಟ್ಟೆಲ್ಲಿ?"

"ಅಡೀಗೈತೆ."

ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಎದ್ದು ಒಳಗಿಂದ ಕಾಡಿಗೆ ಡಬ್ಬಿ ತಂದು, ನನ್ನ ಬಲಗೈ ಎಳೆದುಕೊಂಡು, ಮಣಿಕಟ್ಟಿನ ಮೇಲೆ ಬೊಟ್ಟಿಟ್ಟಳು.

"ಕಾರಿಗಲ್ಲ ಕಣ್ಲಾ, ಇದಕ್ಕೆ ಇಡ್ಬೇಕಾಗಿತ್ತು ನಾನು."

ಸೋಮವಾರ ಆ ಬೊಟ್ಟನ್ನು ಒರೆಸದೆ, ಕಾರನ್ನು ಟವೆಲಿನಲ್ಲಿ ಸುತ್ತಿಕೊಂಡು ಶೆಡ್ಡಿಗೆ ಹೋದೆ. ಮೇಸ್ತ್ರಿ ಗೆರೆಯನ್ನು ಎರಡೂ ಕಡೆಯಿಂದ ನೋಡಿದರು. ಬ್ರಶ್ಶುಗಳ ಡಬ್ಬವನ್ನು ನನ್ನ ಕಡೆ ತಳ್ಳಿದರು. ಹೊರಗೆ ಹಳದಿ ಲಾರಿಯೊಂದು ಗೆರೆಗೆ ಕಾಯುತ್ತಿತ್ತು. ಕ್ಯಾಬಿನ್ನಿನ ಪಕ್ಕ ಬ್ರಶ್ ತಾಗಿಸಿ ಉಸಿರು ಹಿಡಿದೆ. ಕೈ ನಿಂತಿತು. ನಾನು ನಡೆದೆ.